ಮೊದಲು ರಿಮೂವರ್, ಆಮೇಲೆ ಗಮ್: ಮುಖಕ್ಕೆ ಪ್ರಾಸ್ಥೆಟಿಕ್ ಪೀಸ್ ಅಂಟಿಸುವ ಕ್ರಮ

ಸುಳ್ಳು ಮೂಗು, ಕತ್ತಿಯ ಗಾಯ, ಸುಟ್ಟ ಕೆನ್ನೆ, ರಾಕ್ಷಸನ ಹಣೆ. ಇಂಥ ಪ್ರಾಸ್ಥೆಟಿಕ್ ಪೀಸನ್ನು ಕಲಾವಿದರ ಮುಖಕ್ಕೆ ಅಂಟಿಸಬೇಕು ಅಂದಾಗ ಎಲ್ಲರೂ ಮೊದಲು ಕೇಳುವುದು "ಗಟ್ಟಿಯಾಗಿ ಹಿಡಿಯುವ ಗಮ್ ಯಾವುದು?" ಅಂತ. ಬರೀ ಗಟ್ಟಿ ಸಾಕು ಅನ್ನುವುದಾದರೆ ಅದು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಅಲ್ವಾ? ನಮಗೆ ಬೇಕಾದದ್ದು ಬೇರೆ. ಮೂರು ನಾಲ್ಕು ತಾಸು ಬೆವರು, ಲೈಟಿನ ಬಿಸಿ, ಕಿರುಚಾಡುವ ಡೈಲಾಗು ಎಲ್ಲವನ್ನೂ ತಡೆದುಕೊಂಡು, ನಾಟಕ ಮುಗಿದ ಮೇಲೆ ಚರ್ಮ ಕೀಳದೆ ಬಿಟ್ಟು ಬರುವ ಗಮ್ ಬೇಕು. ಹಾಗಾಗಿ ನನ್ನ ಲೆಕ್ಕ ಉಲ್ಟಾ. ಇದು ಯಾವುದರಿಂದ ಬಿಡುತ್ತದೆ ಅಂತ ಮೊದಲು ಕೇಳಿ. ಆ ರಿಮೂವರ್ ಕೈಗೆ ಬಂದ ಮೇಲೆ ಗಮ್ ಬಾಟಲಿ ತೆರೆಯಿರಿ.

ನಮ್ಮ ಕಡೆ ನಾಟಕಕ್ಕೂ ಬರವಿಲ್ಲ, ಬಣ್ಣ ಹಚ್ಚುವವರಿಗೂ ಬರವಿಲ್ಲ. ಗದಗ ಅಂದರೆ ನಾಟಕ ಕಂಪನಿ ನಡೆಸಿದ ಗರುಡ ಸದಾಶಿವರಾಯರ ಊರು, ಧಾರವಾಡದಲ್ಲಿ ರಂಗಾಯಣ ಇದೆ, ಹಾವೇರಿ ಜಿಲ್ಲೆಯ ಶೇಷಗಿರಿಯಲ್ಲಂತೂ ಊರಿಗೆ ಊರೇ ರಂಗಭೂಮಿ ಕಟ್ಟಿದೆ. ಮೀಸೆ, ಗಡ್ಡ, ಹುಬ್ಬು ಅಂಟಿಸುವುದು ಇಲ್ಲಿ ಯಾರಿಗೂ ಹೊಸತಲ್ಲ. ಹೊಸತಾಗಿ ಬಂದಿರುವುದು ಸಿಲಿಕೋನ್, ಫೋಮ್ ಲೇಟೆಕ್ಸ್ (ಸ್ಪಂಜಿನಂಥ ಮೆತ್ತನೆ ರಬ್ಬರ್), ಜೆಲಾಟಿನ್ ಪೀಸುಗಳು. ಹುಬ್ಬಳ್ಳಿಯ ಹುಡುಗರು ಶಾರ್ಟ್ ಫಿಲ್ಮ್ ಮಾಡಲು ಆನ್‌ಲೈನ್‌ನಲ್ಲಿ ಪೀಸ್ ತರಿಸುತ್ತಾರೆ, ಅದರ ಜೊತೆ ಗಮ್ ಬರುವುದಿಲ್ಲ, ಶೂಟಿಂಗ್ ನಾಳೆ ಬೆಳಿಗ್ಗೆ ಇರುತ್ತದೆ. ಆಗ ಮನೆಯಲ್ಲಿ ಇರುವ ಗಮ್ಮಿಗೆ ಕೈ ಹೋಗುತ್ತದೆ.

ಹೋಗಬಾರದು. ಫೆವಿಕ್ವಿಕ್ ಥರದ ಗಮ್ ಚರ್ಮದ ಮೇಲೆ ಗಟ್ಟಿಯಾಗುವಾಗ ಬಿಸಿ ಹುಟ್ಟಿಸುತ್ತದೆ. ಹತ್ತಿಗೆ ತಾಗಿದರಂತೂ ಕ್ಷಣದಲ್ಲಿ ಸುಡುವಷ್ಟು ಬಿಸಿ. ಆಸ್ಪತ್ರೆಯಲ್ಲಿ ಗಾಯ ಮುಚ್ಚಲು ಇದೇ ಜಾತಿಯ ಅಂಟು ಬಳಸುತ್ತಾರೆ ಅಂತ ಯಾರಾದರೂ ವಾದ ಮಾಡಬಹುದು. ಹೌದು, ಆದರೆ ಅದು ಬೇರೆ ಸೂತ್ರದ್ದು, ಬಳಸುವವರು ಡಾಕ್ಟರು. ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ಸೊಲ್ಯೂಷನ್ ಬೇಡ, ಅದರ ದ್ರಾವಕ ಚರ್ಮಕ್ಕೂ ಒಳ್ಳೆಯದಲ್ಲ, ಉಸಿರಿಗೂ ಅಲ್ಲ. ಮರಗೆಲಸದ ಬಿಳಿ ಫೆವಿಕಾಲ್ ಕಾಗದಕ್ಕೆ, ಮರಕ್ಕೆ ಇರಲಿ. ಅದು ಮುಖಕ್ಕೆ ಅಂತ ಮಾಡಿದ್ದಲ್ಲ. ಅಪ್ಪಿತಪ್ಪಿ ಫೆವಿಕ್ವಿಕ್ ಬಿದ್ದರೆ ಎಳೆಯಬೇಡಿ, ಬೆಚ್ಚನೆ ಸೋಪಿನ ನೀರಲ್ಲಿ ನೆನೆಸಿ ಮೆಲ್ಲಗೆ ಉಜ್ಜುತ್ತಾ ಬಿಡಿಸಿ. ಕಣ್ಣಿಗೋ ತುಟಿಗೋ ಆದರೆ ಮನೆಯಲ್ಲಿ ಪ್ರಯೋಗ ಬೇಡ, ಆಸ್ಪತ್ರೆಗೆ ಹೋಗಿ.

ಯಾವ ಪೀಸಿಗೆ ಯಾವ ಗಮ್

ಮುಖಕ್ಕೆ ಅಂತಲೇ ತಯಾರಾಗುವ ಗಮ್ ಮುಖ್ಯವಾಗಿ ಮೂರು ಜಾತಿ.

ಒಂದು, ನಮ್ಮ ಹಿರಿಯರಿಗೆಲ್ಲ ಗೊತ್ತಿರುವ ಸ್ಪಿರಿಟ್ ಗಮ್. ಮರದ ರಾಳವನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಮಾಡಿದ್ದು. ಕ್ರಯೋಲಾನ್ ಕಂಪನಿಯದ್ದು ಮಾಸ್ಟಿಕ್ಸ್ ಅನ್ನುವ ಹೆಸರಲ್ಲಿ ಬರುತ್ತದೆ. ಮೀಸೆ, ಗಡ್ಡ, ನೆಟ್ಟಿನ ಮೇಲೆ ಕಟ್ಟಿದ ಕೂದಲು ಇವಕ್ಕೆ ಇವತ್ತಿಗೂ ಇದೇ ಚೆಂದ. ಹಚ್ಚಿ, ಬೆರಳಲ್ಲಿ ತಟ್ಟಿ ತಟ್ಟಿ ಅಂಟು ಬರಿಸಿ, ಆಮೇಲೆ ಒತ್ತಬೇಕು. ಆದರೆ ಜಾಸ್ತಿ ಬೆವರಿದರೆ ಬಿಡುತ್ತದೆ, ಒಣಗಿದ ಮೇಲೆ ಬಿಗಿಯಾಗಿ ಬಿರುಸಾಗುತ್ತದೆ. ಮುಖ ಅಲ್ಲಾಡಿದ ಹಾಗೆ ಅಲ್ಲಾಡಬೇಕಾದ ಮೆತ್ತನೆಯ ಪೀಸಿಗೆ ಇದು ಸರಿಹೋಗುವುದಿಲ್ಲ.

ಎರಡನೆಯದು ಅಕ್ರಿಲಿಕ್ ಗಮ್. ಪ್ರಾಸ್-ಏಡ್ ಅನ್ನುವುದು ಇದರಲ್ಲಿ ಹೆಸರುವಾಸಿ. ನೀರಿನ ಆಧಾರದ್ದು, ಹಾಲಿನ ಹಾಗೆ ಬೆಳ್ಳಗೆ ಇರುತ್ತದೆ, ಒಣಗಿದರೆ ಗಾಜಿನ ಹಾಗೆ ಪಾರದರ್ಶಕ. ಫೋಮ್ ಲೇಟೆಕ್ಸ್ ಪೀಸಿಗೆ, ಮೇಲೆ ತೆಳುವಾದ ಪ್ಲಾಸ್ಟಿಕ್ ಪದರ ಇರುವ ಸಿಲಿಕೋನ್ ಪೀಸಿಗೆ, ಗಾಯದ ಟ್ರಾನ್ಸ್‌ಫರ್‌ಗಳಿಗೆ (ಕಾಗದದಿಂದ ಚರ್ಮಕ್ಕೆ ಇಳಿಸುವ ರೆಡಿಮೇಡ್ ಗಾಯ) ಇದು ಚೆನ್ನಾಗಿ ಆಗುತ್ತದೆ. ಹೊಸಬರು ಒಂದೇ ಗಮ್ ತಗೊಳ್ಳುವುದಾದರೆ ಇದನ್ನೇ ತಗೊಳ್ಳಿ ಅನ್ನುತ್ತೇನೆ. ಇದಕ್ಕೆ ಘಾಟು ಕಡಿಮೆ, ಬೆವರು ತಡೆಯುತ್ತದೆ, ಕುಂಚ ಹಸಿ ಇರುವಾಗಲೇ ಸೋಪು ನೀರಲ್ಲಿ ತೊಳೆದರೆ ಸಾಕು.

ಮೂರನೆಯದು ಸಿಲಿಕೋನ್ ಗಮ್. ಮೇಲೆ ಪದರ ಇಲ್ಲದ ಬರೀ ಸಿಲಿಕೋನಿಗೆ ಅಕ್ರಿಲಿಕ್ ಸರಿಯಾಗಿ ಹಿಡಿಯುವುದಿಲ್ಲ, ಸಿಲಿಕೋನಿಗೆ ಸಿಲಿಕೋನೇ ಬೇಕು. ಬೆಲೆ ಜಾಸ್ತಿ, ಬೇಗ ಆರುವ ದ್ರಾವಕ ಇರುತ್ತದೆ, ಬಿಡಿಸಲು ಅದರದ್ದೇ ರಿಮೂವರ್ ಬೇಕು. ನಿಮ್ಮ ಪೀಸ್ ಯಾವ ಥರದ್ದು ಅಂತ ಮಾರಿದವರನ್ನೇ ಕೇಳಿ, ಕಣ್ಣಲ್ಲಿ ನೋಡಿ ಹೇಳುವುದು ಕಷ್ಟ.

ಲಿಕ್ವಿಡ್ ಲೇಟೆಕ್ಸನ್ನೇ ಗಮ್ ಹಾಗೆ ಬಳಸುವವರೂ ಇದ್ದಾರೆ. ಅಗ್ಗ, ನಿಜ. ಆದರೆ ಅಮೋನಿಯಾ ವಾಸನೆ, ಬಿಡಿಸುವಾಗ ಕೂದಲನ್ನು ಬುಡಸಮೇತ ಕಿತ್ತು ತರುತ್ತದೆ, ಲೇಟೆಕ್ಸ್ ಅಲರ್ಜಿ ಇರುವವರಿಗೆ ಅಪಾಯ ಬೇರೆ. ಬಲೂನ್ ಊದಿದರೆ ತುಟಿ ತುರಿಸುತ್ತದಾ, ರಬ್ಬರ್ ಕೈಗವಸು ಹಾಕಿದರೆ ಕೈ ಕೆಂಪಾಗುತ್ತದಾ ಅಂತ ಕಲಾವಿದರನ್ನು ಮೊದಲೇ ಕೇಳಿ. ಹೌದು ಅಂದರೆ ಗಮ್ ಯಾವುದೇ ಇರಲಿ, ಫೋಮ್ ಲೇಟೆಕ್ಸ್ ಪೀಸೇ ಅವರಿಗೆ ಬೇಡ.

ಎರಡು ದಿನ ಮೊದಲು: ಪ್ಯಾಚ್ ಟೆಸ್ಟ್

ಇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಉದ್ದ ಬರೆಯುತ್ತೇನೆ. ಮುಂಗೈಯ ಒಳಭಾಗದಲ್ಲೋ ಕಿವಿಯ ಹಿಂದೆಯೋ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಗಮ್ ಹಚ್ಚಿ. ಪಕ್ಕದಲ್ಲಿ ಇನ್ನೊಂದು ಕಡೆ ರಿಮೂವರ್ ಹಚ್ಚಿ, ಯಾಕೆಂದರೆ ಗಮ್ ಒಗ್ಗಿ ರಿಮೂವರ್ ಒಗ್ಗದೇ ಇರುವುದೂ ಉಂಟು. ನಾಟಕದಲ್ಲಿ ಎಷ್ಟು ಹೊತ್ತು ಇರಬೇಕೋ ಅಷ್ಟು ಹೊತ್ತು ಗಮ್ ಇರಲಿ, ಆಮೇಲೆ ಅದೇ ರಿಮೂವರ್‌ನಿಂದ ತೆಗೆಯಿರಿ, 48 ತಾಸು ನೋಡಿ. ಚರ್ಮದ ಅಲರ್ಜಿ ತಕ್ಷಣ ಕಾಣಿಸಲೇಬೇಕು ಅಂತಿಲ್ಲ, ಎರಡನೇ ದಿನ ಗಂಧೆ ಏಳುವುದು ಮಾಮೂಲು. ಬೆಳಿಗ್ಗೆ ಹಚ್ಚಿ ಮಧ್ಯಾಹ್ನ "ಏನೂ ಆಗಿಲ್ಲ" ಅಂದರೆ ಅದು ಟೆಸ್ಟ್ ಅಲ್ಲ.

ಹಿರಿಯ ಕಲಾವಿದರು ಕೂತಲ್ಲೇ ಕೈ ಬೀಸುತ್ತಾರೆ: "ಏ, ಏನೂ ಆಗಂಗಿಲ್ಲ, ಹಚ್ಚೋ ತಮ್ಮಾ. ನಾವು ಮೂವತ್ತು ವರ್ಷದಿಂದ ಹಚ್ಕೋತ ಬಂದೇವಿ." ಅವರಿಗೆ ಮರ್ಯಾದೆಯಿಂದಲೇ ಹೇಳಿ: "ಕಾಕಾ, ನೀವು ಹಚ್ಕೊಂಡಿದ್ದು ಸ್ಪಿರಿಟ್ ಗಮ್ರೀ, ಇದು ಬ್ಯಾರೆ ಐತಿ." ಸ್ಪಿರಿಟ್ ಗಮ್ಮೇ ಆದರೂ, ರಾಳಕ್ಕೆ ಅಲರ್ಜಿ ವರ್ಷಾನುಗಟ್ಟಲೆ ಬಳಸಿದ ಮೇಲೂ ಶುರುವಾಗಬಹುದು. ಇನ್ನು ಹಳೇ ಬಣ್ಣದ ಪೆಟ್ಟಿಗೆಯಲ್ಲಿ ಅರದಾಳ, ಇಂಗಳೀಕ ಇರುತ್ತಿದ್ದವು, ಒಂದರಲ್ಲಿ ಆರ್ಸೆನಿಕ್, ಇನ್ನೊಂದರಲ್ಲಿ ಪಾದರಸ. ಮೊದಲಿಂದ ಹಚ್ಚುತ್ತಾ ಬಂದಿದ್ದೇವೆ ಅನ್ನುವುದು ಚರ್ಮಕ್ಕೆ ಗ್ಯಾರಂಟಿ ಅಲ್ಲ.

ಕೆಲವರಿಗೆ ಟೆಸ್ಟ್ ಕೂಡ ಬೇಡ, ಅಂಟಿಸುವ ಯೋಚನೆಯನ್ನೇ ಬಿಡಿ: ಮುಖದ ಮೇಲೆ ಇಸುಬು ಇರುವವರು, ಬಿಸಿಲಿಗೆ ಸುಟ್ಟುಕೊಂಡವರು, ನಿನ್ನೆ ಮೊನ್ನೆ ವ್ಯಾಕ್ಸ್ ಮಾಡಿಸಿಕೊಂಡವರು. ಮೊಡವೆಗೆ ರೆಟಿನಾಯ್ಡ್ ಕ್ರೀಮೋ ಐಸೊಟ್ರೆಟಿನಾಯಿನ್ ಮಾತ್ರೆಯೋ ತಗೊಳ್ಳುವವರ ಚರ್ಮ ತೆಳುವಾಗಿ ನಾಜೂಕಾಗಿರುತ್ತದೆ, ಗಮ್ ಜೊತೆ ಮೇಲ್ಪದರ ಎದ್ದು ಬರಬಹುದು. ಕಾಲೇಜು ಹುಡುಗ ಹುಡುಗಿಯರಲ್ಲಿ ಇದು ಬಹಳ, ಕೇಳದೆ ಯಾರೂ ಹೇಳುವುದಿಲ್ಲ.

ಚರ್ಮ ತಯಾರು ಮಾಡುವುದು

ಶೇವಿಂಗ್ ಹಿಂದಿನ ದಿನ ಸಂಜೆಯೇ ಮುಗಿಸಲಿ. ಅವತ್ತೇ ಮಾಡಿದರೆ ಕಣ್ಣಿಗೆ ಕಾಣದ ಗೀರುಗಳು ಇರುತ್ತವೆ. ಅದರ ಮೇಲೆ ಸ್ಪಿರಿಟ್ ಬಿದ್ದರೆ ಏಳುವ ಉರಿ ಬ್ಯಾಡಗಿ ಮೆಣಸಿನಕಾಯಿಯದ್ದಲ್ಲ, ಗುಂಟೂರಿನದ್ದು.

ಮುಖ ಸೋಪಿನಿಂದ ತೊಳೆದು ಒರೆಸಿ. ಕ್ರೀಮು, ಸನ್‌ಸ್ಕ್ರೀನ್, ಎಣ್ಣೆ ಏನೂ ಇರಬಾರದು. ಆಮೇಲೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ವೈಪ್‌ನಿಂದ ಅಂಟಿಸುವ ಜಾಗವನ್ನಷ್ಟೇ ಒಂದು ಸಲ ಒರೆಸಿ. ಕಣ್ಣಿನ ಸುತ್ತ, ತುಟಿ ಹತ್ತಿರ ಬೇಡ. ದಿನಾ ಶೋ ಇರುವವರಿಗೆ ಚರ್ಮದ ಮೇಲೆ ತೆಳು ಪೊರೆ ಕಟ್ಟುವ ಬ್ಯಾರಿಯರ್ ವೈಪ್ ಹಾಕಿದರೆ ಒಳ್ಳೆಯದು. ಗಾಯಕ್ಕೆ ಪ್ಲಾಸ್ಟರ್ ಹಾಕುವ ಮೊದಲು ಬಳಸುವುದೂ ಇದನ್ನೇ, ದೊಡ್ಡ ಮೆಡಿಕಲ್ ಅಂಗಡಿಗಳಲ್ಲಿ ಕೇಳಿ ನೋಡಿ.

ಪೀಸು ಹುಬ್ಬಿನ ಮೇಲೆ ಬರುವುದಾದರೆ ಹುಬ್ಬಿನ ಕೂದಲಿಗೆ ಮಾತ್ರ ವ್ಯಾಸಲೀನ್ ಚೆನ್ನಾಗಿ ಸವರಿ, ಆಚೀಚೆ ಚರ್ಮಕ್ಕೆ ತಾಗಬಾರದು. ಗಮ್ ಕೂದಲಿಗೆ ಹಿಡಿಯುವುದಿಲ್ಲ, ಸುತ್ತಲಿನ ಚರ್ಮಕ್ಕೆ ಹಿಡಿಯುತ್ತದೆ, ಅಷ್ಟೇ ಬೇಕು.

ಬೆವರುತ್ತಿರುವ ಮುಖಕ್ಕೆ ಯಾವ ಗಮ್ಮೂ ನಿಲ್ಲುವುದಿಲ್ಲ. ಏಪ್ರಿಲ್ ತಿಂಗಳ ಜಾತ್ರೆ ನಾಟಕ, ತಗಡಿನ ಗ್ರೀನ್ ರೂಮು, ಕರೆಂಟು ಹೋಗಿ ಬರುತ್ತಿರುತ್ತದೆ. ಕಲಾವಿದರನ್ನು ಮೊದಲು ಹೊರಗೆ ಗಾಳಿಗೆ ಕೂರಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ ಮುಖಕ್ಕೆ ಆಡಿಸಿ, ಪೂರ್ತಿ ಒರೆಸಿ, ಆಮೇಲೆ ಕೈ ಹಚ್ಚಿ.

ಅಂಟಿಸುವುದು: ಒಂದು ಮೂಗಿನ ಲೆಕ್ಕದಲ್ಲಿ

ಅಕ್ರಿಲಿಕ್ ಗಮ್, ಫೋಮ್ ಲೇಟೆಕ್ಸ್ ಮೂಗು ಅಂತ ಇಟ್ಟುಕೊಳ್ಳೋಣ.

ಮೊದಲು ಗಮ್ ಇಲ್ಲದೆ ಮೂಗನ್ನು ಸುಮ್ನೆ ಇಟ್ಟು ನೋಡಿ. ಸರಿಯಾದ ಜಾಗ ಸಿಕ್ಕ ಮೇಲೆ ಅಂಚಿನ ಗುಂಟ ಐಬ್ರೋ ಪೆನ್ಸಿಲಿನಿಂದ ನಾಲ್ಕೈದು ಚುಕ್ಕಿ ಇಡಿ. ಒಮ್ಮೆ ಅಂಟಿದರೆ ಸರಿಸಲು ಆಗುವುದಿಲ್ಲ, ಈ ಚುಕ್ಕಿಗಳೇ ನಿಮ್ಮ ನಕ್ಷೆ.

ಬಾಟಲಿಯಿಂದ ಸ್ವಲ್ಪ ಗಮ್ಮನ್ನು ಚಿಕ್ಕ ಕಪ್ಪಿಗೆ ಸುರಿದುಕೊಳ್ಳಿ. ಕುಂಚವನ್ನು ಬಾಟಲಿಗೇ ಅದ್ದಬೇಡಿ. ಒಬ್ಬರ ಮುಖಕ್ಕೆ ತಾಗಿದ ಕುಂಚ ಬಾಟಲಿಗೆ ಹೋದರೆ ಅವರ ಮೊಡವೆಯ ಕೀವು ಇಡೀ ತಂಡಕ್ಕೆ ಹಂಚಿದ ಹಾಗೆ. ಒಬ್ಬರಿಗೆ ಒಂದು ಕಪ್ಪು, ಒಂದು ಕುಂಚ. ಉಳಿದದ್ದನ್ನು ಬಾಟಲಿಗೆ ವಾಪಸ್ ಸುರಿಯಬೇಡಿ, ಹೋದರೆ ಹೋಗಲಿ.

ಪೀಸಿನ ಒಳಭಾಗಕ್ಕೆ ತೆಳ್ಳಗೆ ಹಚ್ಚಿ, ಅಂಚಿಗೆ ಇನ್ನೂ ಬೇಡ. ಮೂಗಿನ ಚರ್ಮಕ್ಕೂ ಹಚ್ಚಿ. ಈಗ ಕಾಯಿರಿ. ಇಲ್ಲೇ ಎಲ್ಲರೂ ಅವಸರ ಮಾಡುವುದು. ಬೆಳ್ಳಗಿದ್ದದ್ದು ಅಂಚಿನಿಂದ ಒಳಗೆ ನಿಧಾನವಾಗಿ ತಿಳಿಯಾಗುತ್ತಾ ಹೋಗುತ್ತದೆ. ಮೂಗಿನ ತುದಿ ಬೇಗ ಒಣಗುತ್ತದೆ, ಮೂಗು ಕೆನ್ನೆ ಸೇರುವ ಸಂದಿಯಲ್ಲಿ ಗಮ್ ನಿಂತು ಕೊನೆಯವರೆಗೂ ಬಿಳಿ ಗೆರೆ ಉಳಿದಿರುತ್ತದೆ. ಆ ಗೆರೆ ಹೋಗುವವರೆಗೆ ಒತ್ತಬೇಡಿ. ಬಿಳಿ ಇದ್ದ ಕಡೆ ಒಳಗೆ ನೀರು ಸಿಕ್ಕಿಹಾಕಿಕೊಂಡು ಎರಡನೇ ಅಂಕಕ್ಕೆ ಸರಿಯಾಗಿ ಅಲ್ಲೇ ಬಾಯಿ ಬಿಡುತ್ತದೆ. ಧಾರವಾಡದ ಜುಲೈ ಜಿಟಿಜಿಟಿ ಮಳೆಯಲ್ಲಿ ಇದು ಒಣಗುವುದೇ ಇಲ್ಲ ಅನ್ನಿಸುತ್ತದೆ. ಹೇರ್ ಡ್ರೈಯರನ್ನು ತಣ್ಣನೆ ಗಾಳಿಗೆ ಇಟ್ಟು ದೂರದಿಂದ ಹಿಡಿಯಿರಿ, ಬಿಸಿ ಗಾಳಿ ಬೇಡ.

ಎರಡೂ ಕಡೆ ತಿಳಿಯಾದ ಮೇಲೆ ಚುಕ್ಕಿ ನೋಡಿ ಮೂಗಿನ ಮಧ್ಯಭಾಗವನ್ನು ಮೊದಲು ಇಡಿ, ಒಣ ಗಮ್ಮಿಗೆ ಒಣ ಗಮ್ ತಾಗಿದ ಕೂಡಲೇ ಹಿಡಿಯುತ್ತದೆ. ಅಲ್ಲಿಂದ ಹೊರಕ್ಕೆ ಒತ್ತುತ್ತಾ ಹೋಗಿ, ಗಾಳಿ ಒಳಗೆ ಉಳಿಯಬಾರದು. ಕೈ ಇನ್ನೂ ಪಳಗಿಲ್ಲದವರು ಒಂದು ಕಡೆ ಸ್ವಲ್ಪ ಹಸಿ ಇರುವಾಗಲೇ ಇಟ್ಟರೆ ಕೂದಲೆಳೆಯಷ್ಟು ಸರಿಸಿಕೊಳ್ಳಲು ಸಮಯ ಸಿಗುತ್ತದೆ, ಹಿಡಿತ ಮಾತ್ರ ಒಂದು ಕೈ ಕಡಿಮೆ.

ಕೊನೆಗೆ ಅಂಚು. ಅಂಚನ್ನು ಚಿಮಟಿಗೆಯಿಂದ ಮೆಲ್ಲಗೆ ಎತ್ತಿ, ತೆಳು ಕುಂಚದಿಂದ ಅಡಿಯಲ್ಲಿ ಗಮ್ ಹಚ್ಚಿ, ತಿಳಿಯಾದ ಮೇಲೆ ಒದ್ದೆ ಮಾಡಿ ಹಿಂಡಿದ ಇಯರ್‌ಬಡ್‌ನಿಂದ ಹೊರಕ್ಕೆ ಉರುಳಿಸಿ ಕೂರಿಸಿ. ಬೆರಳಿಂದ ಒತ್ತಿದರೆ ಅಂಚು ಬೆರಳಿಗೇ ಅಂಟಿ ಸುರುಳಿಯಾಗಿ ಎದ್ದು ಬರುತ್ತದೆ. ಒಮ್ಮೆ ಸುರುಳಿಯಾದ ಅಂಚನ್ನು ಯಾವ ಬಣ್ಣವೂ ಮುಚ್ಚುವುದಿಲ್ಲ. ಸಣ್ಣ ಮೆಟ್ಟಿಲು ಕಾಣಿಸಿದರೆ ಅದೇ ಗಮ್ಮನ್ನು ಅಂಚಿನ ಮೇಲೆ ತೆಳ್ಳಗೆ ಎರಡು ಮೂರು ಪದರ ಹಚ್ಚಿ ಇಳಿಜಾರು ಮಾಡಿ. ಜೆಲಾಟಿನ್ ಪೀಸಿನ ಅಂಚು ವಿಚ್ ಹೇಜಲ್ (ಒಂದು ಗಿಡದ ಸಾರದ ದ್ರವ) ತಾಗಿಸಿದರೆ ಕರಗಿ ಚರ್ಮದಲ್ಲಿ ಸೇರುತ್ತದೆ. ಪ್ಲಾಸ್ಟಿಕ್ ಪದರದ ಅಂಚಿಗೆ ಕೆಲವು ಸಲ ಆಲ್ಕೋಹಾಲ್, ಕೆಲವು ಸಲ ಅಸಿಟೋನ್ ಬೇಕು. ಅಸಿಟೋನ್ ಆದರೆ ಕುಂಚ ಹನಿಯುವ ಹಾಗೆ ಇರಬಾರದು, ಕಣ್ಣಿನ ಹತ್ತಿರ ಅಂತೂ ತರಲೇಬಾರದು.

ಎಲ್ಲ ಕೂತ ಮೇಲೆ ಪೌಡರ್ ಒತ್ತಿ. ಒಣಗಿದ ಮೇಲೂ ಅಕ್ರಿಲಿಕ್ ಗಮ್ ಜಿಗುಟಾಗೇ ಇರುತ್ತದೆ, ಪೌಡರ್ ಇಲ್ಲದಿದ್ದರೆ ಧೂಳು, ಬಣ್ಣ, ಸೀರೆಯ ಜರಿ ಎಲ್ಲ ಹಿಡಿಯುತ್ತದೆ. ಆಮೇಲೆ ಬಣ್ಣ.

ಬಾಯಿ, ಕಣ್ಣು, ಕುತ್ತಿಗೆ

ಬಾಯಿಯ ಪಕ್ಕ ಅಂಟಿಸುವಾಗ ಕಲಾವಿದರು ಬಾಯಿ ಸ್ವಲ್ಪ ತೆರೆದಿರಲಿ. ಮುಚ್ಚಿಕೊಂಡು ಅಂಟಿಸಿದರೆ ಮೊದಲ ಡೈಲಾಗಿಗೇ ಎಳೆದು ಬಿಡುತ್ತದೆ. ಕುತ್ತಿಗೆಗೆ ಆದರೆ ತಲೆ ಸ್ವಲ್ಪ ಮೇಲೆತ್ತಲಿ. ನಮ್ಮ ಕಂಪನಿ ಶೈಲಿಯ ನಾಟಕದಲ್ಲಿ ಮೈಕ್ ಇದ್ದರೂ ಗಂಟಲು ಹರಿಯುವ ಹಾಗೆ ಕೂಗುತ್ತಾರೆ, ಹಾಗಾಗಿ ಗಲ್ಲ ಮತ್ತು ಬಾಯಿಯ ಅಂಚುಗಳೇ ಮೊದಲು ಬಿಡುವುದು. ಅಮೆರಿಕದ ಮೇಕಪ್ ಕಲಾವಿದ ಡಿಕ್ ಸ್ಮಿತ್ ಇಡೀ ಮುಖಕ್ಕೆ ಒಂದೇ ಮುಖವಾಡ ಹಾಕುವ ಬದಲು ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಚಿಕ್ಕ ಚಿಕ್ಕ ಪೀಸು ಅಂಟಿಸುವ ದಾರಿ ತೋರಿಸಿದವರು. ಮಾತು ಜಾಸ್ತಿ ಇರುವ ಪಾತ್ರಕ್ಕೆ ಹಣೆ, ಮೂಗು, ಕೆನ್ನೆ ಬೇರೆ ಬೇರೆ ಇರುವ ಸೆಟ್ ತಗೊಳ್ಳಿ. ಒಂದು ಬಿಟ್ಟರೆ ಒಂದನ್ನೇ ಸರಿ ಮಾಡಬಹುದು.

ಕಣ್ಣಿನ ಅಂಚಿಗೆ ಸ್ಪಿರಿಟ್ ಗಮ್ ಬೇಡ, ಸಿಲಿಕೋನ್ ಗಮ್ಮೂ ಬೇಡ. ರೆಪ್ಪೆ ಕೂದಲು ಅಂಟಿಸುವ ಗಮ್ ಅದಕ್ಕೆ ಅಂತಲೇ ಇದೆ. ಅದರಲ್ಲೂ ಕೆಲವಕ್ಕೆ ಲೇಟೆಕ್ಸ್ ಹಾಕಿರುತ್ತಾರೆ, ಲೇಬಲ್ ಓದಿ.

ಇನ್ನೊಂದು ಮಾತು, ನಮ್ಮ ಕಡೆ ಇದು ಮುಖ್ಯ. ನಾಟಕಕ್ಕೆ ಮೊದಲು ಗ್ರೀನ್ ರೂಮಿನಲ್ಲೇ ಪೂಜೆ ಆಗುತ್ತದೆ, ಕರ್ಪೂರ ಹಚ್ಚುತ್ತಾರೆ, ಆರತಿ ತಟ್ಟೆ ಎಲ್ಲರ ಮುಖದ ಮುಂದೆ ಬರುತ್ತದೆ. ಸ್ಪಿರಿಟ್ ಗಮ್, ಆಲ್ಕೋಹಾಲ್, ಅಸಿಟೋನ್ ಎಲ್ಲ ಬೆಂಕಿ ಹಿಡಿಯುವಂಥವು, ಸಿಲಿಕೋನ್ ಗಮ್ಮಿನ ದ್ರಾವಕಗಳೂ ಸಾಮಾನ್ಯವಾಗಿ ಅಷ್ಟೇ. ಪೂಜೆ ಮೊದಲು ಮುಗಿಯಲಿ, ಬಾಟಲಿ ಆಮೇಲೆ ತೆರೆಯಲಿ. ಬೀಡಿ ಸೇದುವವರನ್ನು ಹೊರಗೆ ಕಳಿಸಿ, ಬೈದರೂ ಪರವಾಗಿಲ್ಲ.

ನಾಟಕ ನಡೆಯುವಾಗ

ಗಮ್ ಕಪ್ಪು, ಕುಂಚ, ಇಯರ್‌ಬಡ್, ಪೌಡರ್, ಟಿಶ್ಯೂ ಸೈಡ್ ವಿಂಗ್‌ನಲ್ಲೇ ಇರಲಿ. ಸಿಲಿಕೋನ್ ಒಳಗೆ ಗಾಳಿಯಾಡುವುದಿಲ್ಲ, ಬೆವರು ಕೆಳಗಿನ ಅಂಚಿಗೆ ಇಳಿದು ಗುಳ್ಳೆಯಾಗಿ ನಿಲ್ಲುತ್ತದೆ. ಆ ಅಂಚನ್ನು ಸ್ವಲ್ಪ ಎತ್ತಿ ಟಿಶ್ಯೂದಲ್ಲಿ ಬೆವರು ಹೀರಿ, ಒಣಗಿಸಿ, ಮತ್ತೆ ಅಂಟಿಸಿ. ಒದ್ದೆ ಇದ್ದಾಗ ಮೇಲಿಂದ ಗಮ್ ಸುರಿದರೆ ಏನೂ ಪ್ರಯೋಜನವಿಲ್ಲ. ಕಲಾವಿದರು "ಚುರುಚುರು ಅಂತೈತಿ" ಅಂದರೆ ತಡೆದುಕೊಳ್ಳಿ ಅನ್ನಬೇಡಿ. ತುರಿಕೆ ಬೇರೆ, ಉರಿ ಬೇರೆ. ಉರಿ ಜಾಸ್ತಿ ಆಗುತ್ತಿದ್ದರೆ ಆ ದೃಶ್ಯ ಮುಗಿದ ಕೂಡಲೇ ಪೀಸು ತೆಗೆಯಬೇಕು, ಮುಂದಿನ ದೃಶ್ಯಕ್ಕೆ ಬರೀ ಬಣ್ಣದ ಗಾಯ ಸಾಕು. ತುಟಿ ಊದಿದರೆ, ಉಸಿರು ಕಟ್ಟಿದರೆ ನಾಟಕ ನಿಲ್ಲಿಸಿ ಆಸ್ಪತ್ರೆ.

ಬಿಡಿಸುವುದು

ರಾತ್ರಿ ಎರಡು ಗಂಟೆ, ಎಲ್ಲರಿಗೂ ನಿದ್ದೆ, ಟೆಂಪೋ ಹಾರ್ನ್ ಹೊಡೆಯುತ್ತಿರುತ್ತದೆ. ಚರ್ಮ ಕಿತ್ತು ಬರುವುದು ಈ ಹೊತ್ತಿನಲ್ಲೇ. ಅಂಟಿಸಲು ಹಿಡಿದಷ್ಟೇ ಸಮಯ ಬಿಡಿಸಲೂ ಬೇಕು, ಡ್ರೈವರಣ್ಣನಿಗೆ ಮೊದಲೇ ಹೇಳಿಡಿ.

ಸ್ಪಿರಿಟ್ ಗಮ್ಮಿಗೆ ಅದರದ್ದೇ ರಿಮೂವರ್. ಅಕ್ರಿಲಿಕ್‌ಗೆ ಎಣ್ಣೆ ಥರದ ರಿಮೂವರ್‌ಗಳು ಬರುತ್ತವೆ, ಐಸೊಪ್ರೊಪೈಲ್ ಮಿರಿಸ್ಟೇಟ್ ಇರುವಂಥವು ಚರ್ಮಕ್ಕೆ ಮೆತ್ತಗೆ. ಕೊಬ್ಬರಿ ಎಣ್ಣೆಯೂ ಸ್ಪಿರಿಟ್ ಗಮ್ಮನ್ನು, ಅಕ್ರಿಲಿಕ್ಕನ್ನು ನಿಧಾನವಾಗಿ ಸಡಿಲ ಮಾಡುತ್ತದೆ, ಆದರೆ ಸಿಲಿಕೋನ್ ಗಮ್ಮಿಗೆ ಅದನ್ನು ನಂಬಿಕೊಂಡು ಕೂರಬೇಡಿ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಮುಖದ ಹತ್ತಿರ ತರಬೇಡಿ.

ಕುಂಚವನ್ನು ರಿಮೂವರ್‌ನಲ್ಲಿ ಅದ್ದಿ ಹಣೆಯ ಕಡೆಯಿಂದ ಶುರು ಮಾಡಿ. ಕಣ್ಣು ಮುಚ್ಚಿಸಿ, ಹುಬ್ಬಿನ ಕೆಳಗೆ ಟಿಶ್ಯೂ ಹಿಡಿಯಿರಿ, ಹನಿ ಕಣ್ಣಿಗೆ ಇಳಿಯಬಾರದು. ಅಂಚು ಸಡಿಲಾದ ಕಡೆ ಕುಂಚವನ್ನು ಪೀಸಿಗೂ ಚರ್ಮಕ್ಕೂ ನಡುವೆ ತೂರಿಸಿ, ಆಚೀಚೆ ಆಡಿಸುತ್ತಾ ಒಳಗೆ ಹೋಗಿ. ಬಿಡಿಸುವ ಕೆಲಸ ಕುಂಚದ್ದು, ಕೈ ಸುಮ್ನೆ ಸಡಿಲಾದದ್ದನ್ನು ಹಿಡಿದಿರಬೇಕು ಅಷ್ಟೇ. ಎಲ್ಲಾದರೂ ಚರ್ಮ ಪೀಸಿನ ಜೊತೆ ಮೇಲೆದ್ದರೆ ನಿಲ್ಲಿಸಿ, ಅಲ್ಲಿ ಇನ್ನಷ್ಟು ರಿಮೂವರ್ ಹಾಕಿ ಒಂದು ನಿಮಿಷ ಬಿಡಿ. ಪೀಸು ಬಂದ ಮೇಲೆ ಉಳಿದ ಗಮ್ ಉಂಡೆಗಳನ್ನು ರಿಮೂವರ್ ಹಚ್ಚಿದ ಹತ್ತಿಯಿಂದ ಉರುಳಿಸಿ ತೆಗೆದು, ಮೆದು ಸೋಪಿನಿಂದ ತೊಳೆದು, ಮಾಯಿಶ್ಚರೈಸರ್ ಹಚ್ಚಿ ಮನೆಗೆ ಕಳಿಸಿ.

ಮರುದಿನವೂ ಶೋ ಇದ್ದರೆ ಬೆಳಿಗ್ಗೆ ಮುಖ ನೋಡಿ. ಸ್ವಲ್ಪ ಕೆಂಪು ಇದ್ದು ಕೆಲವು ತಾಸಿನಲ್ಲಿ ಹೋದರೆ ಸರಿ. ಗಂಧೆ, ನೀರು ಗುಳ್ಳೆ, ಸಿಪ್ಪೆ ಎದ್ದದ್ದು ಕಂಡರೆ ಆ ಜಾಗಕ್ಕೆ ಮತ್ತೆ ಗಮ್ ಬೇಡ, ಚರ್ಮದ ಡಾಕ್ಟರಿಗೆ ತೋರಿಸಿ. ಹೋಗುವಾಗ ಗಮ್ ಬಾಟಲಿ, ರಿಮೂವರ್ ಬಾಟಲಿ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. "ಯಾವುದೋ ನಾಟಕದ ಗಮ್ರೀ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಲೇಬಲ್ ಮೇಲಿನ ಹೆಸರುಗಳನ್ನು ನೋಡಿದರೆ ಯಾವುದಕ್ಕೆ ಅಲರ್ಜಿ ಆಗಿರಬಹುದು ಅಂತ ಹುಡುಕಲು ಒಂದು ದಾರಿ ಸಿಗುತ್ತದೆ.